ಸಹಾಯ ಬೇಕು: ಪದ್ಮಿನಿಯ ತಳ ತುಕ್ಕು ತಿಂದಿದೆ

ಸೋಮವಾರಪೇಟೆ ಹತ್ತಿರ ಒಂದು ತೋಟದ ಶೆಡ್‌ನಲ್ಲಿ, ಕಾಫಿ ಚೀಲಗಳ ಹಿಂದೆ ನಿಂತಿದ್ದ ಪ್ರೀಮಿಯರ್ ಪದ್ಮಿನಿ ಕಾರು ಕೊಂಡಿದ್ದೇನೆ. ಹಳೆ ಜೀಪ್ ಮಾರಿದ ದುಡ್ಡೆಲ್ಲ ಇದಕ್ಕೇ ಹೋಯಿತು. ಮನೆಯಲ್ಲಿ ಇನ್ನೂ ಪೂರ್ತಿ ಲೆಕ್ಕ ಹೇಳಿಲ್ಲ!

1089 ಸಿಸಿ ಎಂಜಿನ್ ಜಾಮ್ ಆಗಿಲ್ಲ. ಪ್ಲಗ್ ಬಿಚ್ಚಿ ಕೈಯಲ್ಲೇ ತಿರುಗಿಸಿ ನೋಡಿದೆ. ತೊಂದರೆ ಇರುವುದು ತಳದಲ್ಲಿ. ನಮ್ಮ ಮಳೆ ಗೊತ್ತಲ್ಲ. ಡ್ರೈವರ್ ಕಾಲಿಡುವ ಕಡೆ ಮ್ಯಾಟ್ ಎತ್ತಿದರೆ ಕೆಳಗಿನ ಹುಲ್ಲು ಕಾಣುತ್ತದೆ. ಸ್ಕ್ರೂಡ್ರೈವರ್ ಒತ್ತಿದರೆ ತಗಡು ಹಪ್ಪಳದ ಹಾಗೆ ಪುಡಿ. ಸುಮ್ನೆ ಫೈಬರ್ ಅಂಟಿಸಿ ಬಣ್ಣ ಹೊಡೆಯೋಣ ಅಂದರು ಒಬ್ಬ ಮೆಕ್ಯಾನಿಕ್. ಬೇಡ ಅಂದೆ. ಈ ಗಾಡಿಗೆ ಬೇರೆ ಚಾಸಿ (ಅಡಿಯ ಚೌಕಟ್ಟು) ಇಲ್ಲ, ಬಾಡಿಯೇ ಭಾರ ಹೊರಬೇಕು ಅಲ್ವಾ?

ಮಡಿಕೇರಿ, ಕುಶಾಲನಗರ, ಹುಣಸೂರು ಕಡೆ ತುಕ್ಕು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡುವ ಒಳ್ಳೆ ಟಿಂಕರ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಎಡಗಡೆ ಹಿಂದಿನ ಬಾಗಿಲೂ ಬೇಕು, ಗುಜರಿಯದ್ದಾದರೂ ಸರಿ.