ನಂದಿ ಬೆಟ್ಟದ ಚಳಿಗೆ ಹೀಟ್ ಪಂಪ್ ತಡೆಯುತ್ತದೆಯೇ?

ಪ್ರಶ್ನೆ (ಚಿಕ್ಕಬಳ್ಳಾಪುರ):
ನಂದಿ ಬೆಟ್ಟದ ತಪ್ಪಲಿನಲ್ಲಿ ನಮ್ಮದೊಂದು ಸಣ್ಣ ವಸತಿಗೃಹವಿದೆ. ಸೂರ್ಯೋದಯ ನೋಡಲು ಬಂದವರು ಬೆಳಗಿನ ಜಾವ ನಾಲ್ಕಕ್ಕೇ ಬಿಸಿನೀರು ಕೇಳುತ್ತಾರೆ. ಆ ಹೊತ್ತಿಗೆ ಸೋಲಾರ್ ನೀರು ಉಗುರುಬೆಚ್ಚಗಾಗಿರುತ್ತದೆ, ಗೀಸರ್ ಹಾಕಿದರೆ ಕರೆಂಟ್ ಬಿಲ್ಲು ಏರುತ್ತದೆ. ದಿನಕ್ಕೆ 1,000 ಲೀಟರ್ ಬೇಕು. ಕಡಿಮೆ ಕರೆಂಟಿನಲ್ಲಿ ನೀರು ಕಾಯಿಸುವ ಹೀಟ್ ಪಂಪ್ ಎಂಬ ಯಂತ್ರ ಹಾಕಿಸೋಣವೆಂದರೆ, ಚಳಿಯಲ್ಲಿ ಅದು ಸೋಲುತ್ತದೆ ಎನ್ನುತ್ತಾರೆ ನಮ್ಮ ಅಳಿಯಂದಿರು. ನಿಜವೇ?

ಉತ್ತರ (ತುಮಕೂರು):
ಅಳಿಯಂದಿರ ಮಾತು ಅರ್ಧ ನಿಜ. ಈ ಯಂತ್ರ ಶಾಖವನ್ನು ಹುಟ್ಟಿಸುವುದಿಲ್ಲ. ಹೊರಗಿನ ಗಾಳಿಯಲ್ಲಿರುವುದನ್ನೇ ಹೀರಿ ನೀರಿಗೆ ಸಾಗಿಸುತ್ತದೆ. ಗಾಳಿ ತಣ್ಣಗಾದಷ್ಟೂ ಆ ಕೆಲಸ ಕಷ್ಟವಾಗುತ್ತದೆ. ಮನೆ ಬೆಚ್ಚಗಿಡುವ ಒಳ್ಳೆಯ ಯಂತ್ರವೊಂದು 7 ಡಿಗ್ರಿ ಚಳಿಯಲ್ಲಿ ಒಂದು ಯೂನಿಟ್ ಕರೆಂಟಿಗೆ ಮೂರು ನಾಲ್ಕು ಯೂನಿಟ್ ಶಾಖ ಕೊಟ್ಟರೆ, ಮೈನಸ್ 15ರಲ್ಲಿ ಸುಮಾರು ಎರಡು ಕೊಡುತ್ತದೆ. ಗೀಸರ್ ಕೊಡುವುದು ಎಂದಿಗೂ ಒಂದೇ. ಯುರೋಪಿನಲ್ಲಿ ಜನಸಂಖ್ಯೆಗೆ ಹೋಲಿಸಿದರೆ ಹೀಟ್ ಪಂಪ್ ಹೆಚ್ಚು ಬಳಸುವವರು ನಾರ್ವೆ, ಸ್ವೀಡನ್, ಫಿನ್ಲೆಂಡಿನವರೇ ಎಂಬುದನ್ನು ಅವರಿಗೆ ತಿಳಿಸಿ. ಅಲ್ಲಿ ಗಾಳಿಯ ಶಾಖ ಹೀರುವ ಹೊರಗಿನ ಕಾಯಿಲ್ (ಕೊಳವೆಯ ಸುರುಳಿ) ಮೇಲೆ ಹಿಮ ಕಟ್ಟುತ್ತದೆ, ಅದನ್ನು ಕರಗಿಸಲೂ ಒಂದಿಷ್ಟು ಕರೆಂಟ್ ಹೋಗುತ್ತದೆ. ನಿಮ್ಮಲ್ಲಿ ಆ ಕಾಟವಿಲ್ಲ.

ಲೆಕ್ಕ ಹೀಗಿದೆ: 1,000 ಲೀಟರ್ ನೀರನ್ನು 20ರಿಂದ 55 ಡಿಗ್ರಿಗೆ ಏರಿಸಲು ಸುಮಾರು 41 ಯೂನಿಟ್ ಶಾಖ ಬೇಕು. ಒಂದಕ್ಕೆ ಮೂರರಂತೆ ಸಿಕ್ಕರೆ ಹೀಟ್ ಪಂಪಿಗೆ 14 ಯೂನಿಟ್ ಸಾಕು. ಯೂನಿಟ್ಟಿಗೆ 8 ರೂಪಾಯಿ ಎಂದಿಟ್ಟುಕೊಂಡರೆ ಗೀಸರಿಗೆ 328 ರೂಪಾಯಿ, ಇದಕ್ಕೆ 112. ಇನ್ನೊಂದು ಮಾತು, ಇದನ್ನು ನಸುಕಿನಲ್ಲಿ ಓಡಿಸಲೇಬೇಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಓಡಿಸಿ, ಶಾಖ ಸೋರದ ತೊಟ್ಟಿಯಲ್ಲಿ ನೀರು ತುಂಬಿಡಿ.

ಉತ್ತರ (ಕೋಲಾರ):
ಮೇಲಿನವರ ಲೆಕ್ಕ ಸರಿ, ಆದರೆ ನಮ್ಮ ಕಡೆ ಹೀಟ್ ಪಂಪಿಗೆ ಶತ್ರು ಚಳಿಯಲ್ಲ, ಕೊಳವೆಬಾವಿಯ ಗಡಸು ನೀರು. ನಾನು ನೋಡಿಕೊಳ್ಳುವ ಹಾಸ್ಟೆಲಿನಲ್ಲಿ ಎರಡನೆಯ ವರ್ಷಕ್ಕೇ ನೀರು ಕಾಯುವುದು ನಿಧಾನವಾಯಿತು. ಬಿಚ್ಚಿ ನೋಡಿದರೆ ಕೊಳವೆಯೊಳಗೆ ಮೊಟ್ಟೆಯ ಚಿಪ್ಪಿನಂತಹ ಬಿಳಿ ಪೊರೆ ಕಟ್ಟಿತ್ತು, ಉಗುರಿನಿಂದ ಕೆರೆದರೂ ಏಳಲಿಲ್ಲ. ನೀರು ಮೆದುಗೊಳಿಸುವ ಸಾಫ್ಟ್‌ನರ್ ಖರ್ಚನ್ನೂ ಸೇರಿಸಿಯೇ ಬೆಲೆ ಹೋಲಿಸಿ. ಯಂತ್ರವನ್ನು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಇಟ್ಟಿದ್ದು ನಮ್ಮದೇ ತಪ್ಪು: ಅದು ಉಗುಳಿದ ತಣ್ಣನೆಯ ಗಾಳಿಯನ್ನು ಅದೇ ಮತ್ತೆ ಎಳೆದುಕೊಳ್ಳುತ್ತಿತ್ತು.

ಪ್ರಶ್ನೆ ಕೇಳಿದವರು:
ತಾರಸಿಯಲ್ಲಿ ತೆರೆದ ಜಾಗವಿದೆ. ಹಾಗಾದರೆ ಗೀಸರ್‌ಗಳನ್ನು ತೆಗೆಸಿಬಿಡಲೇ?

ಉತ್ತರ (ತುಮಕೂರು):
ಎರಡು ಗೀಸರ್‌ಗಳನ್ನಾದರೂ ಉಳಿಸಿಕೊಳ್ಳಿ. ತೊಟ್ಟಿ ಖಾಲಿಯಾದ ಮೇಲೆ ಹೀಟ್ ಪಂಪ್ ಮತ್ತೆ ನೀರು ಕಾಯಿಸಲು ಗಂಟೆಗಟ್ಟಲೆ ಹಿಡಿಯುತ್ತದೆ, ಬೆಟ್ಟ ಹತ್ತಲು ಹೊರಟವರು ಅಷ್ಟು ಹೊತ್ತು ಕಾಯುವುದಿಲ್ಲ.