ಬಂಗಿಗೆ ಲೇಸರ್ ಮಾಡಿಸಬಹುದಾ? ನಮ್ಮ ಬಿಸಿಲಿಗೆ ತಡೆಯುತ್ತಾ?

ಸಿಂಧನೂರು ಟೀಚರ್:
ಎರಡನೇ ಹೆರಿಗೆ ಆದ ಮೇಲೆ ಎರಡೂ ಕೆನ್ನೆಗೆ ಬಂಗು ಬಂತು. ಮೂರು ವರ್ಷ ಆಯ್ತು, ಹೋಗುತ್ತಿಲ್ಲ. ದಿನಾ ಸ್ಕೂಟಿಯಲ್ಲಿ 14 ಕಿಲೋಮೀಟರ್ ಶಾಲೆಗೆ ಹೋಗುತ್ತೇನೆ. ದಾರಿಯುದ್ದಕ್ಕೂ ಭತ್ತದ ಗದ್ದೆ, ನೆರಳಿಗೆ ಒಂದು ಮರ ಇಲ್ಲ. ಮೊನ್ನೆ ಒಂದನೇ ಕ್ಲಾಸಿನ ಹುಡುಗಿ "ಮಿಸ್, ಕೆನ್ನೆಗೆ ಮಸಿ ಹತ್ತಿದೆ" ಅಂತ ತನ್ನ ಕರ್ಚೀಫ್ ಕೊಟ್ಟಳು. ಅಲ್ಲಿ ನಕ್ಕೆ. ಮನೆಗೆ ಬಂದು ಕನ್ನಡಿ ಮುಂದೆ ನಗು ಬರಲಿಲ್ಲ.

ಮೆಡಿಕಲ್ ಶಾಪಿನಲ್ಲಿ ಕೊಟ್ಟ ಟ್ಯೂಬ್ ಹಚ್ಚಿದರೆ ತಿಳಿಯಾಗುತ್ತದೆ, ಬಿಟ್ಟರೆ ಉರಿ, ಕೆಂಪು. ಮೇ ತಿಂಗಳಲ್ಲಿ ಮೈದುನನ ಮದುವೆ ಇದೆ. ಒಂದು ಕಡೆ ಲೇಸರ್‌ಗೆ ಆರು ಸಿಟ್ಟಿಂಗ್, 20,000 ಅಂದಿದ್ದಾರೆ. ಮಾಡಿಸಿದವರು ಯಾರಾದರೂ ಇದ್ದೀರಾ?

ರಾಯಚೂರು ಬಟ್ಟೆ ಅಂಗಡಿ ಅಕ್ಕ:
ನಾನು ಮಾಡಿಸಿದ್ದೇನೆ ಟೀಚರ್. ದುಡ್ಡು ಕಟ್ಟೋ ಮೊದಲು ನನ್ನ ಕಥೆ ಕೇಳ್ರಿ.

ಅದು ಪಾರ್ಲರ್‌ಗೆ ಜೋಡಿಸಿದ ಕ್ಲಿನಿಕ್. ಡಾಕ್ಟರ್ ಮುಖವನ್ನೇ ನಾನು ನೋಡಲಿಲ್ಲ. ಒಬ್ಬ ಹುಡುಗಿ ಮುಖಕ್ಕೆಲ್ಲ ಕಾಡಿಗೆಯಂಥ ಕರಿ ಲೋಷನ್ ಬಳಿದಳು, ಕಣ್ಣಿಗೆ ಕನ್ನಡಕ ಹಾಕಿದಳು. ಆಮೇಲೆ ಟಪ್ ಟಪ್ ಸದ್ದು. ರಬ್ಬರ್ ಬ್ಯಾಂಡ್ ಎಳೆದು ಕೆನ್ನೆಗೆ ಬಿಟ್ಟ ಹಾಗೆ. ಕೂದಲು ಸುಟ್ಟ ವಾಸನೆ. ಹದಿನೈದು ದಿನ ಮುಖ ಹೊಳೆಯಿತು, ಸುಳ್ಳು ಹೇಳುವುದಿಲ್ಲ. ಗಿರಾಕಿಗಳೂ ಏನು ಹಚ್ಚುತ್ತೀರಿ ಅಂತ ಕೇಳಿದರು. ನಾಲ್ಕನೇ ಸಿಟ್ಟಿಂಗ್ ಫೆಬ್ರವರಿಯಲ್ಲಿ ಮುಗಿಯಿತು. ಯುಗಾದಿ ಹೊತ್ತಿಗೆ ಬಂಗು ಮೊದಲಿಗಿಂತ ಕಪ್ಪಾಗಿ ಕಣ್ಣಿನ ಕೆಳಗೂ ಹಬ್ಬಿತ್ತು. ಕೇಳಿದರೆ "ನೀವು ಬಿಸಿಲಿಗೆ ಹೋಗಿರ್ತೀರಿ" ಅಂದರು. ರಾಯಚೂರಲ್ಲಿದ್ದು ಬಿಸಿಲಿಗೆ ಹೋಗಬೇಡ ಅಂದರೆ ಹೇಗ್ರೀ?

ಕಡೆಗೆ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಅವರು ಬಿಡಿಸಿ ಹೇಳಿದರು. ಈ ಥರದ ಲೇಸರ್ ಬೆಳಕು ಕಪ್ಪು ಬಣ್ಣ ಎಲ್ಲಿದೆಯೋ ಅಲ್ಲಿಗೆ ಹೋಗಿ ಬಡಿಯುತ್ತದೆ. ಹಚ್ಚೆ ತೆಗೆಯಲು ಅದು ಸರಿ. ಆದರೆ ನಮ್ಮಂಥ ಎಣ್ಣೆಗೆಂಪು ಮೈಯವರಿಗೆ ಚರ್ಮದ ತುಂಬ ಬಣ್ಣವೇ ಅಲ್ವಾ? ಬಂಗು ಇದ್ದಲ್ಲಿ ಬಣ್ಣ ಮಾಡುವ ಜೀವಕೋಶಗಳು ಮೊದಲೇ ಕೆರಳಿ ಕೂತಿರುತ್ತವೆ. ಬಿಸಿ ತಾಗಿದರೆ ಇನ್ನೂ ಜಾಸ್ತಿ ಬಣ್ಣ ಮಾಡುತ್ತವೆ. ಅದಕ್ಕೇ ಬಂಗಿಗೆ ಲೇಸರ್ ಮೊದಲ ಮದ್ದಲ್ಲ. ಬೇರೆ ಯಾವುದಕ್ಕೂ ಬಗ್ಗದಿದ್ದಾಗ ಮಾತ್ರ, ಅದೂ ಕಡಿಮೆ ಪವರ್‌ನಲ್ಲಿ. ಹೋದರೂ ಮತ್ತೆ ಬರಬಹುದು.

ನನಗೆ ಕೊಟ್ಟದ್ದು ಬಣ್ಣದ ಸನ್‌ಸ್ಕ್ರೀನ್. ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ಬಂಗಿಗೆ ಆ ತಡೆಯೂ ಬೇಕು. ಎರಡು ಬೆರಳುದ್ದ ಹಿಂಡಿ ಹಚ್ಚಬೇಕು, ಎರಡು ಗಂಟೆಗೊಮ್ಮೆ ಮತ್ತೆ. ನಾನು ಕಡಲೆಕಾಳಿನಷ್ಟು ಹಚ್ಚಿ ಆಯ್ತು ಅಂದುಕೊಂಡಿದ್ದೆ! ಗರ್ಭನಿರೋಧಕ ಮಾತ್ರೆ ತಗೊಳ್ತಿದ್ದರೆ ಡಾಕ್ಟರಿಗೆ ಹೇಳಿ, ಅದರಿಂದಲೂ ಬಂಗು ಬರುತ್ತದೆ. ಆ ಟ್ಯೂಬ್ ಮೇಲೆ ಏನು ಬರೆದಿದೆ ನೋಡಿ ಹೇಳ್ರಿ.

ಕೊಪ್ಪಳ ಮಾವ:
ಇಷ್ಟೆಲ್ಲ ಯಾಕೆ? ಸುಮ್ನೆ ನಿಂಬೆರಸ ಹಚ್ಚಿ.

ರಾಯಚೂರು ಬಟ್ಟೆ ಅಂಗಡಿ ಅಕ್ಕ:
ಮಾವಾರೇ, ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆ ಬೀಳುತ್ತದೆ. ಅದು ಚಿತ್ರಾನ್ನಕ್ಕೇ ಇರಲಿ.

ಬಳ್ಳಾರಿ ಹುಡುಗ:
ಲೇಸರ್ ಎಲ್ಲಾ ಒಂದೇ ಅಲ್ಲ ಅಕ್ಕ. ನನಗೆ ಮೊಡವೆ ಹೋದ ಮೇಲೆ ಗುಂಡಿ ಉಳಿದಿದ್ದವು. ಫ್ರಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್ ಮಾಡಿಸಿದೆ. ಅದು ಬಣ್ಣ ಹುಡುಕುವುದಿಲ್ಲ. ಚರ್ಮದ ನೀರಿನಂಶಕ್ಕೆ ತಾಗಿ ಸಣ್ಣ ಸಣ್ಣ ತೂತು ಮಾಡುತ್ತದೆ. ಮಾಯುವಾಗ ಗುಂಡಿ ಸ್ವಲ್ಪ ತುಂಬಿಕೊಳ್ಳುತ್ತದೆ. ಡಾಕ್ಟರ್ ಮೊದಲು ಕಿವಿ ಹಿಂದೆ ಒಂಚೂರು ಮಾಡಿ ನೋಡಿದರು. ಬಿಸಿಲು ಕಡಿಮೆ ಅಂತ ಡಿಸೆಂಬರ್‌ನಲ್ಲಿ ಇಟ್ಟುಕೊಂಡೆ. ಒಂದು ವಾರ ಮುಖ ತುರಿಮಣೆ ಥರ. ಅರ್ಧದಷ್ಟು ಗುಂಡಿ ತುಂಬಿವೆ, ನನಗೆ ಅಷ್ಟೇ ಸಾಕು.

ಸಿಂಧನೂರು ಟೀಚರ್:
ಟ್ಯೂಬ್ ನೋಡಿದೆ ಅಕ್ಕ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಅಂತ ಇದೆ.

ರಾಯಚೂರು ಬಟ್ಟೆ ಅಂಗಡಿ ಅಕ್ಕ:
ಕೊನೇದು ಸ್ಟೀರಾಯ್ಡ್ ರೀ. ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಅದರ ಮೇಲೆ ಲೇಸರ್ ಅಂತೂ ಬೇಡವೇ ಬೇಡ. ರಾಯಚೂರಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ರಿಮ್ಸ್‌ನಲ್ಲಿ ಚರ್ಮದ ವಿಭಾಗ ಇದೆ. ಟ್ಯೂಬ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ ತೋರಿಸ್ರಿ.

ಸಿಂಧನೂರು ಟೀಚರ್:
ಸೋಮವಾರ ರಜೆ ಹಾಕಿ ಹೋಗುತ್ತೇನೆ. ಒಂದು ಮಾತು. ಲೇಸರ್‌ನವರಿಗೆ 2,000 ಅಡ್ವಾನ್ಸ್ ಕೊಟ್ಟುಬಿಟ್ಟಿದ್ದೇನೆ. ವಾಪಸ್ ಬರುತ್ತಾ?

ರಾಯಚೂರು ಬಟ್ಟೆ ಅಂಗಡಿ ಅಕ್ಕ:
ನನ್ನ ಉಳಿದ ಎರಡು ಸಿಟ್ಟಿಂಗ್ ದುಡ್ಡು ಇನ್ನೂ ಬಂದಿಲ್ಲ. ನೀವು ಟೀಚರ್, ಸ್ವಲ್ಪ ಗದರಿ ಕೇಳಿ ನೋಡ್ರಿ.