ಎಫ್‌ಡಿ-ಫೈಂಡ್ ಹಾಕಿದ್ದೇನೆ, ಎಫ್‌ಡಿ ಕಮಾಂಡ್ ಸಿಗುತ್ತಿಲ್ಲ [ಪರಿಹಾರವಾಗಿದೆ]

ಬದಿಯಡ್ಕ_ಮಾಷ್ಟ್ರು:
ಶಾಲೆಯ ಲ್ಯಾಬಿನಲ್ಲಿ ಉಬುಂಟು 22.04 (ಲಿನಕ್ಸ್). ಹಳೇ ಯಕ್ಷಗಾನ ಪ್ರಸಂಗಗಳ ಸ್ಕ್ಯಾನ್ ಪಿಡಿಎಫ್‌ಗಳು ಸಿಕ್ಕಸಿಕ್ಕ ಫೋಲ್ಡರುಗಳಲ್ಲಿವೆ. ಹುಡುಕೋಣ ಅಂತ, ಫೈಲ್ ಹುಡುಕುವ ‘ಎಫ್‌ಡಿ’ಗಾಗಿ ‘ಆಪ್ಟ್ ಇನ್‌ಸ್ಟಾಲ್ ಎಫ್‌ಡಿ-ಫೈಂಡ್’ ಕೊಟ್ಟೆ. ಎರರ್ ಇಲ್ಲದೆ ಮುಗಿಯಿತು. ಆದರೆ ‘ಎಫ್‌ಡಿ’ ಅಂದರೆ ‘ಕಮಾಂಡ್ ನಾಟ್ ಫೌಂಡ್’. ಪಿಡಿಎಫ್‌ಟುಟೆಕ್ಸ್ಟ್ ಬೇಕಿತ್ತು (ಪಿಡಿಎಫ್‌ನಿಂದ ಅಕ್ಷರ ತೆಗೆಯುವ ಕಮಾಂಡ್), ಆ ಹೆಸರಿನ ಪ್ಯಾಕೇಜೇ ಇಲ್ಲವಂತೆ! ಏನು ಮಾಡಲಿ?

ಕುಂಬ್ಳೆ_ಟಕ್ಸ್:
ಮಾಷ್ಟ್ರೇ, ‘ಎಫ್‌ಡಿಫೈಂಡ್’ ಅಂತ ಕೊಡಿ, ನಡುವೆ ಅಡ್ಡಗೆರೆ ಬೇಡ. ಪ್ಯಾಕೇಜಿನ ಹೆಸರು ಬೇರೆ, ಒಳಗಿನ ಕಮಾಂಡಿನ ಹೆಸರು ಬೇರೆ. ಬೇರೆ ಬೇರೆ ಕೆಲಸದ ಎರಡು ಪ್ರೋಗ್ರಾಂಗಳು ಒಂದೇ ಹೆಸರಿನಲ್ಲಿ ಬರಬಾರದು ಅಂತ ಡೆಬಿಯನ್ (ಇನ್ನೊಂದು ಲಿನಕ್ಸ್) ನಿಯಮ. ಉಬುಂಟುವಿಗೆ ಹೆಚ್ಚಿನ ಪ್ಯಾಕೇಜುಗಳು ಬರುವುದು ಅಲ್ಲಿಂದಲೇ. ಎಫ್‌ಡಿಕ್ಲೋನ್ ಎಂಬ ಫೈಲ್ ಮ್ಯಾನೇಜರ್ ‘ಎಫ್‌ಡಿ’ ಹೆಸರನ್ನು ಮೊದಲೇ ಹಿಡಿದುಕೊಂಡಿತ್ತು. ಫೈಲಿನ ಒಳಗಿರುವುದನ್ನು ತೋರಿಸುವ ‘ಬ್ಯಾಟ್’ ಹಾಕಿದರೂ ಇದೇ ಕತೆ, ಅಲ್ಲಿ ‘ಬ್ಯಾಟ್‌ಕ್ಯಾಟ್’ ಅನ್ನಬೇಕು. ‘ನೋಡ್’ ಹೆಸರಿಗಾಗಿ ನೋಡ್‌ಜೆಎಸ್‌ಗೂ (ಜಾವಾಸ್ಕ್ರಿಪ್ಟ್ ನಡೆಸುವ ಪ್ರೋಗ್ರಾಂ) ಹ್ಯಾಮ್ ರೇಡಿಯೋದವರ ‘ನೋಡ್’ಗೂ ಆದ ಜಗಳ 2012ರಲ್ಲಿ ಡೆಬಿಯನ್‌ನ ಟೆಕ್ನಿಕಲ್ ಕಮಿಟಿಯ ತನಕ ಹೋಗಿತ್ತು!

ಯಾವ ಪ್ಯಾಕೇಜಿನಲ್ಲಿ ಯಾವ ಕಮಾಂಡ್ ಇದೆ ಅಂತ ತಿಳಿಯಲು:
ಡಿಪಿಕೆಜಿ -ಎಲ್ (ದೊಡ್ಡಕ್ಷರ) ಎಫ್‌ಡಿ-ಫೈಂಡ್ | ಗ್ರೆಪ್ ಬಿನ್

ಹೊಸೂರು_ಲಿನಕ್ಸ್:
ಪಿಡಿಎಫ್‌ಟುಟೆಕ್ಸ್ಟ್ ಇರುವುದು ‘ಪಾಪ್ಲರ್-ಯುಟಿಲ್ಸ್’ನಲ್ಲಿ. ಸಣ್ಣ ಕಮಾಂಡುಗಳ ಗುಂಪಿಗೆ ಕೊನೆಯಲ್ಲಿ ‘-ಯುಟಿಲ್ಸ್’, ‘-ಟೂಲ್ಸ್’, ‘-ಬಿನ್’ ಸೇರಿಸುವುದು ರೂಢಿ. ‘ಲಿಬ್’ ಅಂತ ಶುರುವಾದರೆ ಲೈಬ್ರರಿ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಫೋಟೋ ಫೈಲಿನ ಮಾಹಿತಿ ಓದುವ ಎಕ್ಸಿಫ್‌ಟೂಲ್ ಬೇಕಾದರೆ ‘ಲಿಬ್‌ಇಮೇಜ್-ಎಕ್ಸಿಫ್‌ಟೂಲ್-ಪರ್ಲ್’ ಹಾಕಬೇಕು. ಪರ್ಲ್ ಮಾಡ್ಯೂಲ್‌ಗಳಿಗೆ ಹೆಸರಿಡುವ ಪದ್ಧತಿ ಅದು. ನನಗಂತೂ ಸುಮ್ನೆ ತಲೆನೋವು. ಕಮಾಂಡಿನ ಹೆಸರು ಮಾತ್ರ ಗೊತ್ತಿದ್ದರೆ ಪ್ಯಾಕೇಜ್ ಹುಡುಕಲು ‘ಆಪ್ಟ್-ಫೈಲ್ ಸರ್ಚ್’ ಒಳ್ಳೆಯದು. ಬರೀ ಸ್ಕ್ಯಾನ್ ಚಿತ್ರವಾದರೆ ಪಿಡಿಎಫ್‌ಟುಟೆಕ್ಸ್ಟ್‌ನಿಂದ ಅಕ್ಷರ ಬರುವುದಿಲ್ಲ. ಅದಕ್ಕೆ ಒಸಿಆರ್ (ಚಿತ್ರದಿಂದ ಅಕ್ಷರ ಗುರುತಿಸುವುದು) ಬೇಕು, ‘ಟೆಸರಾಕ್ಟ್-ಒಸಿಆರ್-ಕಾನ್’ ಹಾಕಿ, ಕಮಾಂಡ್ ಮಾತ್ರ ಬರೀ ‘ಟೆಸರಾಕ್ಟ್’.

ಬದಿಯಡ್ಕ_ಮಾಷ್ಟ್ರು:
ಎಫ್‌ಡಿಫೈಂಡ್ ನಡೆಯಿತು. ಆದರೂ ಮಕ್ಕಳಿಗೆ ‘ಎಫ್‌ಡಿ’ ಸುಲಭ. ಯುಎಸ್‌ಆರ್/ಬಿನ್‌ನಲ್ಲಿ ಲಿಂಕ್ ಹಾಕಬಹುದಾ?

ಕುಂಬ್ಳೆ_ಟಕ್ಸ್:
ಬೇಡ ಮಾಷ್ಟ್ರೇ, ಆ ಜಾಗ ಪ್ಯಾಕೇಜುಗಳದ್ದು. ಹೋಮ್ ಫೋಲ್ಡರಿನಲ್ಲಿ .ಲೋಕಲ್/ಬಿನ್ ಮಾಡಿ, ಅದರೊಳಗೆ ಎಲ್‌ಎನ್ -ಎಸ್ ಕೊಟ್ಟು ಎಫ್‌ಡಿಫೈಂಡ್‌ಗೆ ‘ಎಫ್‌ಡಿ’ ಎಂಬ ಲಿಂಕ್ ಹಾಕಿ. ಆ ಫೋಲ್ಡರ್ ಹೊಸದಾದರೆ ಒಮ್ಮೆ ಲಾಗೌಟ್ ಆಗಿ ಬನ್ನಿ. ಇಲ್ಲದಿದ್ದರೆ ಪಾತ್‌ನಲ್ಲಿ (ಕಮಾಂಡುಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ) ಸೇರಿರುವುದಿಲ್ಲ. ಬೇರೆ ಕಂಪ್ಯೂಟರಿಗೆ ಕೊಡುವ ಸ್ಕ್ರಿಪ್ಟ್‌ನಲ್ಲಿ ಮಾತ್ರ ‘ಎಫ್‌ಡಿಫೈಂಡ್’ ಅಂತಲೇ ಬರೆಯಿರಿ. ಅಲ್ಲಿ ನಿಮ್ಮ ಲಿಂಕ್ ಇರುವುದಿಲ್ಲ.

ಬದಿಯಡ್ಕ_ಮಾಷ್ಟ್ರು:
ಲಾಗೌಟ್ ಆಗಿ ಬಂದ ಮೇಲೆ ಸರಿಯಾಯಿತು. ಇಬ್ಬರಿಗೂ ಥ್ಯಾಂಕ್ಸ್. ಕನ್ನಡ ಒಸಿಆರ್ ಬಗ್ಗೆ ಬೇರೆ ಚರ್ಚೆ ಶುರು ಮಾಡುತ್ತೇನೆ, ಒತ್ತಕ್ಷರ ಜಾಸ್ತಿ ತಪ್ಪುತ್ತಿದೆ.